ಖಾಲಿ ಓಣಿಯಲ್ಲಿ ನೀಲತ್ತಿ

ಈಗಲೂ ಯಾರಾದರೂ ಹತ್ತಿಯ ಸೀರೆಗೆ ಗಂಜಿ ಹಾಕಿ ಬಿಸಿಲಿಗೆ ಹರವಿದ್ದರೆ, ತುಸು ಹುಳಿಯೇರಿದ ಆ ಅನ್ನದ ವಾಸನೆ ಮೂಗಿಗೆ ತಾಗಿದ ಕೂಡಲೇ ನನ್ನ ಅಂಗೈ ಬೆವರುತ್ತದೆ. ಉಳಿದವರಿಗೆ ಅದು ಮಡಿಬಟ್ಟೆಯ ವಾಸನೆ, ಹಬ್ಬದ ವಾಸನೆ. ನನಗೆ ಮಾತ್ರ ಅದು ಬೆಟಗೇರಿಯ ನಮ್ಮ ಓಣಿಯ ವಾಸನೆ, ಮತ್ತು ಹೆದರಿಕೆಯ ವಾಸನೆ. ಆ ಮನೆ ಈಗಿಲ್ಲ. ಮಗ್ಗ ಕೂಡಿಸಿದ್ದ ಪಡಸಾಲೆಯಿದ್ದ ಜಾಗದಲ್ಲಿ ಯಾರೋ ಸಾಲಾಗಿ ಅಂಗಡಿ ಕಟ್ಟಿಸಿದ್ದಾರೆ. ನಿಮಗೂ ಹೀಗೆ ಅಳಿದುಹೋದ ಮನೆಯೊಂದು ಇದ್ದೇ ಇರುತ್ತದೆ. ಅದರ ಗೋಡೆಗಳಿಗಿಂತ ಅದರ ಸಪ್ಪಳಗಳೇ ಹೆಚ್ಚು ನೆನಪಿರುತ್ತವೆ. ನಮ್ಮ ಮನೆಯ ಸಪ್ಪಳವೆಂದರೆ ಅಪ್ಪನ ಮಗ್ಗದ್ದು. ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಲಾಳಿ ಅತ್ತಿಂದಿತ್ತ ಓಡುತ್ತಲೇ ಇರುತ್ತಿತ್ತು. ಅದು ನಿಂತರೆ ಏನೋ ಕೆಟ್ಟದ್ದು ನಡೆದಿದೆ ಎಂದು ಬಾಗಿಲ ಸಂದಿಯಿಂದ ಇಣುಕಿ ನೋಡುತ್ತಿದ್ದೆ.

ನಾನು ಹೆದರುಪುಕ್ಕಿ. ಬಳೆಗಾರ ಬಂದರೆ ಬಾಗಿಲ ಹಿಂದೆ, ನೆಂಟರು ಬಂದರೆ ಅಟ್ಟದ ಮೇಲೆ. ಶಾಲೆಯಲ್ಲಿ ಮಾಸ್ತರರು ಹೆಸರು ಕರೆದರೆ "ಹಾಜರ" ಎನ್ನುವಷ್ಟು ದನಿಯೂ ಹೊರಡುತ್ತಿರಲಿಲ್ಲ. ನನ್ನನ್ನು ನೋಡಿದಾಗಲೆಲ್ಲ ಆಯಿ, ಅಂದರೆ ಅಪ್ಪನ ತಾಯಿ, ಹಣೆ ಚಚ್ಚಿಕೊಂಡು, "ಅತ್ತಿ ಅಚ್ಚಿನ್ಯಾಗ ಇದನ್ನೂ ಹೊಯ್ದಾನ ನೋಡು ದೇವರು!" ಎನ್ನುತ್ತಿದ್ದಳು. ಅವಳು ಹೇಳುತ್ತಿದ್ದುದು ನೀಲತ್ತಿಯ ಮಾತು. ನೀಲತ್ತಿ ಅಪ್ಪನ ಕಿರಿಯ ತಂಗಿ. ಅವಳನ್ನು ಲಕ್ಷ್ಮೇಶ್ವರದ ಒಂದು ತುಂಬಿದ ಮನೆಗೆ ಕೊಟ್ಟಿದ್ದರು. ಆ ಮನೆಯಲ್ಲಿ ಜನವೋ ಜನ. ಅಡುಗೆಮನೆಯಲ್ಲೇ ನಾಲ್ಕೈದು ಮಂದಿ ಹೆಂಗಸರು, ಎಲ್ಲರದೂ ದೊಡ್ಡ ಬಾಯಿ. ಅಲ್ಲಿ ಕಾಲಿಟ್ಟ ದಿನವೇ ನೀಲತ್ತಿಯ ಗಂಟಲು ಕಟ್ಟಿತಂತೆ. ಕೇಳಿದ್ದಕ್ಕೆ ತಲೆಯಾಡಿಸುವುದು, ಕರೆದರೆ ನಡುಗುವುದು, ಅಷ್ಟೇ. ಅವರು ಹರಕೆ ಹೊತ್ತರು, ತಾಯತ ಕಟ್ಟಿಸಿದರು, ನಾಟಿ ಔಷಧ ಕುಡಿಸಿದರು. ಕೊನೆಗೆ "ಮೂಕಿನ್ನ ಕೊಟ್ಟು ಮೋಸ ಮಾಡಿದ್ರಿ" ಎಂದು ತಂದು ಬಿಟ್ಟುಹೋದರು. ನಮ್ಮ ಮನೆಯಲ್ಲಿ ಆಯಿಯೊಡನೆ, ನನ್ನೊಡನೆ ಅವಳು ಮಾತಾಡುತ್ತಿದ್ದಳು, ಆದರೆ ಪಕ್ಕದ ಕೋಣೆಗೆ ಕೇಳಿಸದಷ್ಟು ಮೆಲ್ಲಗೆ. ಮದುವೆಗೆ ಮುಂಚೆಯೂ ಅಷ್ಟೇ, ಓಣಿಯವರು ಅವಳ ದನಿ ಕೇಳಿದವರಲ್ಲ. ಆಯಿಯಂತೂ ಅವಳು ಮೂಕಿಯಲ್ಲ ಎಂದು ಯಾರಿಗೂ ತಿಳಿಸಲು ಹೋಗಲಿಲ್ಲ. "ಮೂಕಿ ಅಂತ ಅನ್ಲಿ ಬಿಡು. ಹಂಗರ ಕೂಸು ನನ್ನ ಕಣ್ಣಮುಂದ ಇರ್ತೈತಿ," ಎಂದಳು.

ನೀಲತ್ತಿ ಒಳಕೋಣೆಯಲ್ಲಿ ಕೂತು ರಾಟಿ ತಿರುಗಿಸಿ ಲಾಳಿಗೆ ನೂಲು ಸುತ್ತಿಕೊಡುತ್ತಿದ್ದಳು. ಕೈ ಬಿಡುವಾದಾಗ ನೆಲದ ಮೇಲೆ ಹುಣಸೆಬೀಜ, ಜೋಳದ ಕಾಳು ಜೋಡಿಸಿ ಸೀರೆಯ ಅಂಚಿಗೆ ಹೊಸ ಚಿತ್ತಾರ ಹಾಕುತ್ತಿದ್ದಳು. ಅಪ್ಪ ಬಂದು ನೋಡಿಕೊಂಡು ಹೋಗಿ ಅದನ್ನೇ ನೇಯುತ್ತಿದ್ದ. ಆ ಅಂಚಿನ ಸೀರೆ ಉಟ್ಟವರಿಗೆ ಅದು ಯಾರ ತಲೆಯಿಂದ ಬಂತೆಂದು ಗೊತ್ತಿರಲಿಲ್ಲ. ಗೊತ್ತಾಗದಿದ್ದುದೇ ಅವಳಿಗೆ ಸುಖ. ನಾನು ಅವಳ ಪಕ್ಕ ಕೂತಿರುತ್ತಿದ್ದೆ. ಜಗತ್ತಿನಲ್ಲಿ ನನಗೆ ಹೆದರಿಕೆಯಾಗದ ಜಾಗ ಅದೊಂದೇ.

ಸ್ವಾತಂತ್ರ್ಯ ಬಂದ ಮರುವರ್ಷದ ಮಾತು. ನಮ್ಮ ಕಡೆ ಧ್ವಜವೇರಿತ್ತು, ಆದರೆ ಮುಂಡರಗಿ ದಾಟಿದರೆ ಮೊಗಲಾಯಿ, ಇನ್ನೂ ದೇಶಕ್ಕೆ ಸೇರದ ನಿಜಾಮನ ರಾಜ್ಯ. ಅಲ್ಲಿ ಊರು ಸುಡುತ್ತಾರೆ, ದಂಡು ಕಟ್ಟಿಕೊಂಡು ಬಂದು ಲೂಟಿ ಮಾಡುತ್ತಾರೆ ಎಂಬ ಸುದ್ದಿ ದಿನಕ್ಕೊಂದು ಬಗೆಯಲ್ಲಿ ಬರುತ್ತಿತ್ತು. ಸಂತೆಯಿಂದ ಬಂದವರು ಕಾಯಿಪಲ್ಲೆಯ ಜೊತೆಗೆ ಒಂದಿಷ್ಟು ಹೆದರಿಕೆಯನ್ನೂ ತರುತ್ತಿದ್ದರು. ದೊಡ್ಡವರು ಪಿಸುಗುಟ್ಟುತ್ತ ನಮ್ಮನ್ನು ಕಂಡು ಸುಮ್ಮನಾದರೆ ನಾನು ಒಳಕೋಣೆಗೆ ಹೋಗಿ ನೀಲತ್ತಿಗೆ ಅಂಟಿ ಕೂರುತ್ತಿದ್ದೆ. ಅಂಥ ದಿನಗಳಲ್ಲೇ ಅಪ್ಪನ ಹೊಸ ಹಾಸು ತಯಾರಾಯಿತು. ಹಾಸು ಎಂದರೆ ಮಗ್ಗಕ್ಕೆ ಏರಿಸುವ ಉದ್ದ ನೂಲು. ಅದನ್ನು ಓಣಿಯುದ್ದಕ್ಕೂ ಚಾಚಿ, ಗೂಟಗಳಿಗೆ ಬಿಗಿದು, ಗಂಜಿ ಬಳಿದು, ಒಣಗುವತನಕ ಎರಡೂ ಬದಿಯಿಂದ ಕುಂಚದಲ್ಲಿ ತಿಕ್ಕುತ್ತಲೇ ಇರಬೇಕು. ನಡುವೆ ಕೈಬಿಟ್ಟರೆ ಎಳೆಗೆ ಎಳೆ ಅಂಟಿ ಇಡೀ ಹಾಸು ಕಟ್ಟಿಗೆಯಾಗುತ್ತದೆ. ಅದಕ್ಕೇ ಆ ಕೆಲಸಕ್ಕೆ ಓಣಿಯವರೆಲ್ಲ ಕೂಡುತ್ತಿದ್ದರು, ಒಬ್ಬರ ಹಾಸಿನ ಕೆಲಸಕ್ಕೆ ಇನ್ನೊಬ್ಬರ ಕೈ. ನೀಲತ್ತಿ ಮಾತ್ರ ಅಷ್ಟು ಜನರ ನಡುವೆ ಎಂದೂ ಬಂದವಳಲ್ಲ. "ಇಂಥಾದ್ರಾಗ ಹಾಸು ಚಾಚೂದು ಬ್ಯಾಡೋ," ಎಂದಳು ಆಯಿ. "ಹೆದರಕೋತ ಕುಂತ್ರ ಹೊಟ್ಟಿ ಕೇಳತೈತೇನವಾ?" ಎಂದು ಅಪ್ಪ ಗಂಜಿಯ ಕೊಪ್ಪರಿಗೆ ಹೊರಗೆ ತಂದ.

ಗಂಜಿ ಬಳಿದು ಆಗಿತ್ತು, ತಿಕ್ಕುವುದು ಆಗಷ್ಟೇ ಸುರುವಾಗಿತ್ತು. ಓಣಿಯ ತುದಿಯಿಂದ ಯಾರೋ "ದಂಡು ಬಂತು! ಧೂಳ ಎದ್ದೈತಿ, ಓಡ್ರೋ!" ಎಂದು ಕೂಗಿದರು. ಆಮೇಲಿನದು ನನಗೆ ತುಂಡುತುಂಡಾಗಿ ನೆನಪಿದೆ. ಕುಂಚಗಳು ಬಿದ್ದವು, ಯಾರದೋ ಕಾಲಿಗೆ ತಾಗಿ ಕೊಪ್ಪರಿಗೆ ಉರುಳಿತು, ಎಲ್ಲರೂ ಎತ್ತರದ ಗೋಡೆಯ ಮಠದ ಕಡೆ ಓಡಿದರು. ನನ್ನ ಎಳೆಯ ತಮ್ಮನನ್ನೆತ್ತಿಕೊಂಡ ಅವ್ವ ನಾನು ಆಯಿಯ ಜೊತೆಗಿದ್ದೇನೆಂದುಕೊಂಡಳು, ಆಯಿ ನಾನು ಅವ್ವನ ಜೊತೆಗಿದ್ದೇನೆಂದುಕೊಂಡಳು. ನಾನು ಒಳಗೆ ಓಡಿ ಮಗ್ಗದ ಕುಣಿಯಲ್ಲಿ, ಅಪ್ಪ ಕಾಲಿಳಿಬಿಟ್ಟು ನೇಯುವ ಆ ತಗ್ಗಿನಲ್ಲಿ, ಮುದುಡಿ ಕೂತಿದ್ದೆ. ಕಣ್ಣು ಮುಚ್ಚಿದ್ದೆ. ಹಲ್ಲು ಕಟಕಟ ಎನ್ನುತ್ತಿದ್ದುದು ನನಗೇ ಕೇಳುತ್ತಿತ್ತು, ಆ ಸಪ್ಪಳಕ್ಕೇ ಅವರು ಹುಡುಕಿ ಬರುತ್ತಾರೆಂದು ಬಾಯಿಗೆ ಲಂಗದ ಚುಂಗು ತುರುಕಿಕೊಂಡೆ. ಯಾರೋ ತಲೆ ಮುಟ್ಟಿದರು. ಸತ್ತೆ ಎಂದುಕೊಂಡೆ.

ನೀಲತ್ತಿ. ಅವಳು ಓಡಿರಲೇ ಇಲ್ಲ. "ಮ್ಯಾಲೇಳಬ್ಯಾಡ, ಇಲ್ಲೇ ಕುಂಡ್ರು," ಎಂದಳು. ನಾನು ಅವಳ ಸೆರಗು ಹಿಡಿದೆ. ಅವಳ ಮುಖವೂ ಬಿಳಿಚಿತ್ತು. ಆದರೂ ಸೆರಗು ಬಿಡಿಸಿಕೊಂಡು, "ಗಂಜಿ ಒಣಗಿದ್ರ ಹಾಸು ಹೋತು. ಓಣ್ಯಾಗ ಯಾರೂ ಇಲ್ಲವ್ವಾ, ಈಗ ನಾ ಹೊರಗ ಹೋಗಬಹುದು," ಎಂದಳು. ದಂಡು ಬರುತ್ತದೆಂದು ಊರೇ ಓಡಿದ್ದಾಗ, ಊರು ಓಡಿತೆಂಬ ಧೈರ್ಯದಲ್ಲಿ ಅವಳು ಹೊರಗೆ ಹೊರಟಿದ್ದಳು!

ನಾನು ತೆವಳಿ ಬಾಗಿಲಿಗೆ ಬಂದು ಸಂದಿಯಲ್ಲಿ ನೋಡಿದೆ. ಉದ್ದಕ್ಕೆ ಬೆಳ್ಳಗೆ ಚಾಚಿದ ಹಾಸು, ಬಿಸಿಲು, ಒಬ್ಬಳೇ ನೀಲತ್ತಿ. ಎರಡೂ ಕೈಯಲ್ಲಿ ಕುಂಚ ಹಿಡಿದು ಒಂದು ಬದಿಯಿಂದ ತಿಕ್ಕುತ್ತ ಹೋಗಿ, ಇನ್ನೊಂದು ಬದಿಯಿಂದ ತಿಕ್ಕುತ್ತ ಬರುತ್ತಿದ್ದಳು. ಆಗ ಹಾಡು ಕೇಳಿತು. ಮೊದಲು ಮೆಲ್ಲಗೆ, ಆಮೇಲೆ ತುಂಬಿದ ಗಂಟಲಿನಿಂದ. ಅಲ್ಲೇ ಕಟ್ಟಿ ಅಲ್ಲೇ ಹಾಡುತ್ತಿದ್ದಳು: "ಬಿಸಲಣ್ಣ ಮೆಲ್ಲಕ ಬಾರೊ, ಗಾಳೆಣ್ಣ ತಡದು ಬಾರೊ, ಎಳಿಗೆಳಿ ಅಂಟದಾಂಗ ಕಾಯೊ." ಅಂಥ ದನಿ ಆ ಮೈಯೊಳಗೆಲ್ಲಿ ಇತ್ತೋ! ನನಗೆ ಅಳು ಬಂತು. ದಂಡಿನವರು ಈ ದನಿ ಕೇಳಿ ಬಂದುಬಿಟ್ಟರೆ ಎಂದು ಭಯ, ಹಾಡು ನಿಂತುಬಿಟ್ಟರೆ ಎಂದು ಇನ್ನೊಂದು ಭಯ.

ದಂಡೂ ಇಲ್ಲ, ಎಂಥದ್ದೂ ಇಲ್ಲ. ಧೂಳೆಬ್ಬಿಸಿದ್ದು ಮುಂಡರಗಿ ಕಡೆಯಿಂದ ಗಂಟುಮೂಟೆ ಹೇರಿಕೊಂಡು ಬಂದ ಚಕ್ಕಡಿಗಳು, ನಮ್ಮಂತೆಯೇ ಹೆದರಿದ ಜನ. ಅದು ತಿಳಿದು ಓಣಿಯವರು ಮರಳಿ ಬಂದರು. ಓಣಿಯ ಮೂಲೆಯಲ್ಲಿ ಹಾಡು ಕೇಳಿ ಎಲ್ಲರೂ ನಿಂತುಬಿಟ್ಟರು. ನೀಲತ್ತಿ ತಿರುಗಿ ನೋಡಿದಳು. ಕುಂಚಗಳನ್ನು ಅಲ್ಲೇ ಬಿಟ್ಟು ಮನೆಯೊಳಗೆ ಓಡಿದಳು. ಎದುರುಮನೆಯ ಗೌರಕ್ಕ ಗಲ್ಲಕ್ಕೆ ಕೈಯಿಟ್ಟು, "ಅಯ್ಯ, ನಮ್ಮ ನೀಲಿಗೆ ಬಾಯಿ ಐತೆವ್ವಾ!" ಎಂದಳು. ಹಾಸು ಉಳಿದಿತ್ತು. ಅಪ್ಪ ಎಳೆಗಳ ಮೇಲೆ ಕೈಯಾಡಿಸಿ ಕಣ್ಣೊರೆಸಿಕೊಂಡ.

ಗೌರಕ್ಕನ ಬಾಯಿಗೆ ಬಿದ್ದ ಸುದ್ದಿ ಊರಿಗೆ ಡಂಗುರ. ಕೆಟ್ಟ ಮನಸ್ಸಿನವಳಲ್ಲ, ಸಂತೋಷಕ್ಕೇ ಸಾರಿದಳು. ನೂಲಿನ ವ್ಯಾಪಾರದವರ ಜೊತೆ ಅದು ಲಕ್ಷ್ಮೇಶ್ವರಕ್ಕೂ ಹೋಯಿತು. ಸ್ವಲ್ಪ ದಿನಕ್ಕೇ ನೀಲತ್ತಿಯ ಅತ್ತೆ, ಭಾವ ಚಕ್ಕಡಿ ಹೂಡಿಕೊಂಡು ಬಂದರು. "ಮೂಕಿ ಅಂತ ನಾವು ಸುಮ್ಮನಿದ್ವಿ. ಹಾಡಾಕ ಬರತೈತಿ ಅಂದಮ್ಯಾಲೆ ಮಾತಾಡಾಕೇನು ಧಾಡಿ? ಕಳಸ್ರಿ," ಎಂದಳು ಆ ಅತ್ತೆ. ಅಪ್ಪ ಆಯಿಯ ಮುಖ ನೋಡಿದ, ಆಯಿ ನೆಲ ನೋಡಿದಳು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎನ್ನುವ ಕಾಲ; ಯಾವ ಬಾಯಿಂದ ಇಲ್ಲವೆಂದಾರು? ನಾನು ಒಳಕೋಣೆಗೆ ಹೋದೆ. ನೀಲತ್ತಿ ಗೋಡೆಗೆ ಒರಗಿ ಕೂತಿದ್ದಳು. ನನ್ನ ಕೈ ಹಿಡಿದಾಗ ಅವಳ ಅಂಗೈ ನೀರು ನೀರಾಗಿತ್ತು. "ಹೊಡೀತಾರೇನತ್ತಿ ಅವರು?" ಎಂದು ಕೇಳಿದೆ.

"ಇಲ್ಲವ್ವಾ. ಹೊಡಿಯೂದಿಲ್ಲ, ಬೈಯೂದೂ ಇಲ್ಲ. ಎಲ್ಲಾರೂ ಕೂಡಿ ನನ್ನ ಬಾಯಿ ನೋಡಕೋತ ಕುಂಡ್ರತಾರ."

ಚಕ್ಕಡಿ ಹೊರಟಾಗ ಅವಳು ಅಳಲಿಲ್ಲ. ನಾನು ಎಷ್ಟೋ ದಿನ ಊಟ ಬಿಟ್ಟೆ, ಜ್ವರ ಬಂತು. ಅಪ್ಪ ಹಳೆಯ ಅಂಚುಗಳನ್ನೇ ನೇಯುತ್ತ ಹೋದ.

ಆಮೇಲೆ ಅವಳು ಬರುವುದು ಅಪರೂಪವಾಯಿತು. ಬಂದರೂ ಅತ್ತೆಯ ನೆರಳಲ್ಲಿ ಬಂದು ಸಂಜೆಗೆ ಹೋಗುತ್ತಿದ್ದಳು. ಕನ್ನಡ ನಾಡು ಒಂದಾದ ವರ್ಷ, ಊರೆಲ್ಲ ಪೇಡೆ ಹಂಚಿ ಕುಣಿದಾಡುತ್ತಿದ್ದಾಗ, ಗಂಡ ಮಕ್ಕಳೊಡನೆ ನಾಲ್ಕು ದಿನ ಇರಲೆಂದು ಬಂದಳು. ಅವಳಿಗಿಂತ ಮೊದಲು ಅವಳ ದನಿ ಒಳಗೆ ಬಂತು. ಬಿಸಿಲಿನ ಮಾತು, ಬಸ್ಸಿನ ಮಾತು, ಓರಗಿತ್ತಿಯ ಮಾತು, ಮಗನ ಕೆಮ್ಮಿನ ಮಾತು. ಒಂದು ಮುಗಿಯುವ ಮುಂಚೆ ಇನ್ನೊಂದು. ಗೌರಕ್ಕ, "ನೋಡ್ರಿ ಹೆಂಗ ಸುಧಾರಿಸ್ಯಾಳ!" ಎಂದು ಹಿಗ್ಗಿದಳು. ಆಯಿ ಮಾತ್ರ ಮಗಳ ಮುಖವನ್ನೇ ನೋಡುತ್ತಿದ್ದಳು. ನನಗಂತೂ ನಮ್ಮ ನೀಲತ್ತಿಯ ಸೀರೆ ಉಟ್ಟು ಬೇರೆ ಯಾರೋ ಬಂದ ಹಾಗಿತ್ತು.

ಹಿತ್ತಲಲ್ಲಿ ಇಬ್ಬರೇ ಇದ್ದಾಗ ಕೇಳಿದೆ. "ಈಗ ನಿನಗ ಹೆದರಿಕಿ ಹೋತೇನತ್ತಿ?"

ಅವಳು ಬಾವಿಯ ಕಟ್ಟೆಯ ಮೇಲೆ ಕೊಡ ಇಟ್ಟಳು. ಎಷ್ಟೋ ವರ್ಷಗಳ ನಂತರ, ಪಕ್ಕದ ಕೋಣೆಗೆ ಕೇಳಿಸದಂಥ ಆ ದನಿಯಲ್ಲಿ ಹೇಳಿದಳು: "ಹೆದರಿಕಿಗೇ ಮಾತಾಡತೀನವ್ವಾ. ಸುಮ್ಮನಾದ್ರ ಎಲ್ಲಾರೂ ನನ್ನ ಕಡೆ ನೋಡತಾರ." ಅಷ್ಟರಲ್ಲಿ ಒಳಗಿನಿಂದ ಯಾರೋ ಕರೆದರು. "ಬಂದ್ನಿ, ಬಂದ್ನಿ!" ಎಂದು ಜೋರಾಗಿ ಕೂಗುತ್ತ ಹೋದಳು.

ಅವಳು ತೀರಿಕೊಂಡಾಗ ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಆ ಮನೆಯ ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದರು. "ಮಾತಿನ ಮಲ್ಲಿ ಹೋದಳು, ಮನಿ ಬಿಕೋ ಅಂತೈತಿ," ಎನ್ನುತ್ತಿದ್ದರು. ಅವರ ದುಃಖ ಖರೆಯದ್ದೇ. ನಾನೂ ಅವರ ನಡುವೆ ಕೂತು ಕಣ್ಣೀರಿಟ್ಟೆ. ನಾನು ಯಾರಿಗಾಗಿ ಅಳುತ್ತಿದ್ದೆನೋ, ಅವಳನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ.