ಬುರುಲ್ಚಾ ಹೇಳಿದ ‘ಸಾಕು’

ಕಾರಾ-ಬುಲುನ್ ಹಳ್ಳಿಯಲ್ಲಿ ಯಾರಿಗೆ ಜ್ವರ ಬಂದರೂ, ಕುದುರೆ ಒದ್ದು ಯಾರ ಪಕ್ಕೆಲುಬು ಮುರಿದರೂ ಮೊದಲು ಬಾಯಿಗೆ ಬರುವ ಹೆಸರು ಬುರುಲ್ಚಾಳದು. ಅವಳು ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಎರಡರ ನಡುವಿನ ಫೆಲ್ಡ್‌ಶರ್. ಬೆರಣಿ ಉರಿಸುವ ಕಬ್ಬಿಣದ ಒಲೆಯಿರುವ ಪುಟ್ಟ ಆಸ್ಪತ್ರೆಯೇ ಅವಳ ರಾಜ್ಯ. ಊರವರಿಗೆಲ್ಲ ಅವಳು ಎಜೆ, ಅಂದರೆ ಅಕ್ಕ. ಅವಳಿಗಿಂತ ಹಿರಿಯರೂ ಸೂಜಿ ಕಂಡ ಕೂಡಲೇ ಎಜೆ ಅನ್ನುತ್ತಾರೆ. ಕೈಗುಣ ಒಳ್ಳೆಯದು, ನಾಲಿಗೆ ಹರಿತ. ಮರೆಯುವ ಗುಣ ಮಾತ್ರ ಅವಳಿಗೆ ಹುಟ್ಟಿನಿಂದಲೇ ಇಲ್ಲ. ಅದರಲ್ಲೂ ಶಾರ್ಶೆನ್‌ನ ಹೆಸರೆತ್ತಿದರೆ ಅವಳ ಹೊಟ್ಟೆಯೊಳಗಿನ ಕೆಂಡ ಬೂದಿ ಕೊಡವಿಕೊಂಡು ಮೇಲೇಳುತ್ತಿತ್ತು.

ಶಾರ್ಶೆನ್ ಅದೇ ಊರಿನ ಮಣ್ಣಿನವನು. ಬಾಲ್ಯದಲ್ಲಿ ಅವನ ಕಿವಿಯ ಕೀವು ತೆಗೆದವಳು ಬುರುಲ್ಚಾಳೇ. ಓದಿ ರಾಜಧಾನಿ ಸೇರಿ ಆರೋಗ್ಯ ಇಲಾಖೆಯ ಕುರ್ಚಿ ಹಿಡಿದ. ಬೆಟ್ಟದ ಹಳ್ಳಿಗಳಿಗೆ ಎಷ್ಟು ಮಂದಿ ಆರೋಗ್ಯ ಕೆಲಸಗಾರರು ಬೇಕು ಎಂದು ಮೂರು ದೇಶಗಳ ವಿಶ್ವವಿದ್ಯಾಲಯಗಳು ಕೂಡಿ ಒಂದು ಸಂಶೋಧನೆ ಹಿಡಿದಾಗ, ಈ ಕಡೆಯ ಪಾಲುದಾರನೂ ಅವನೇ, ದುಭಾಷಿಯೂ ಅವನೇ. ಸಂಶೋಧನೆ ಏನು ಹೇಳುತ್ತದೋ ಅದರಂತೆ ಸರ್ಕಾರ ಹುದ್ದೆಗಳನ್ನು ಇಡುವುದು ಇಲ್ಲವೇ ತೆಗೆಯುವುದು ಎಂದು ಮಾತಾಗಿತ್ತು. ಹುದ್ದೆ ಕಡಿಮೆಯಾದಷ್ಟೂ ಮೇಲಿನವರಿಗೆ ಖುಷಿ. ಅದು ಶಾರ್ಶೆನ್‌ಗೆ ಚೆನ್ನಾಗಿ ಗೊತ್ತಿತ್ತು.

ಫಿನ್ಲೆಂಡಿನಿಂದ ಬಂದಿದ್ದ ಮಾರ್ಯುಟ್ ಎಂಬ ಸಂಶೋಧಕಿಯನ್ನು ಅವನು ಆಸ್ಪತ್ರೆಗೆ ಕರೆದೊಯ್ಯಲಿಲ್ಲ. ನೆಟ್ಟಗೆ ಬುರುಲ್ಚಾಳ ಮನೆಗೆ ಕರೆತಂದು, ರೊಟ್ಟಿ ಮುರಿದು, ಮಾಂಸ ಹಂಚಿ, ಎಲ್ಲರೂ ಊಟಕ್ಕೆ ಕೂತ ಮೇಲೆ ಪ್ರಶ್ನೆ ಎತ್ತಿಸಿದ. “ಇಲ್ಲಿ ಕೆಲಸಕ್ಕೆ ಜನ ಸಾಲದೆ?” ಅತಿಥಿ ಎದುರಿಗಿರುವಾಗ, ಹಾಸಿನ ಮೇಲೆ ರೊಟ್ಟಿ ಇರುವಾಗ, ಇಲ್ಲ, ಸಾಲದು ಅನ್ನುವ ಮಾತನ್ನು ಆ ಕಣಿವೆಯಲ್ಲಿ ಯಾರೂ ಆಡುವುದಿಲ್ಲ. ಸೂರು ಸೋರುತ್ತಿದ್ದರೂ ಆಡುವುದಿಲ್ಲ. ಬುರುಲ್ಚಾ ಎದೆಯ ಮೇಲೆ ಕೈಯಿಟ್ಟು, “ಶುಕುರ್, ಸಾಕು” ಅಂದಳು. ದೇವರ ದಯೆ, ಎಲ್ಲ ಇದೆ ಎಂಬ ಮರ್ಯಾದೆಯ ಮಾತು ಅದು. ಶಾರ್ಶೆನ್ ಅದನ್ನು ತಿರುಗಿಸಿ ಹೇಳಿದ: “ಜನ ಬೇಕಾದಷ್ಟಿದ್ದಾರೆ, ಇನ್ನು ಬೇಡವಂತೆ.” ಕಣಿವೆಯ ಹಳ್ಳಿ ಹಳ್ಳಿಯಲ್ಲೂ ಇದೇ ಊಟ, ಇದೇ ಪ್ರಶ್ನೆ, ಇದೇ ಸಾಕು.

ಮುಂದಿನ ವಸಂತಕ್ಕೆ, ಜನ ಬೇಕಾದಷ್ಟಿದ್ದಾರೆಂದು ಊರವರೇ ಹೇಳಿದ್ದಾರೆ ಎಂಬ ಕಾಗದ ಬಂದು, ಆಸ್ಪತ್ರೆಯ ಸೂಲಗಿತ್ತಿ ಗುಲ್ಸಾನ್‌ಳ ಹುದ್ದೆ ಹೋಯಿತು. ಬೇರೆ ದಾರಿ ಕಾಣದೆ ಅವಳು ರಷ್ಯಾಕ್ಕೆ ಹೋಗಿ ಯಾವುದೋ ಆಸ್ಪತ್ರೆಯ ನೆಲ ಒರೆಸುವ ಕೆಲಸ ಹಿಡಿದಳು. ಆ ಚಳಿಗಾಲದಲ್ಲಿ ಬುರುಲ್ಚಾಳ ತಂಗಿಯ ಮಗಳಿಗೆ ಹೆರಿಗೆ ನೋವು ಬಂತು. ಮಗು ಅಡ್ಡ ತಿರುಗಿತ್ತು. ತಿರುಗಿಸುವುದು ಗುಲ್ಸಾನ್‌ಳ ಕೈಗೆ ಬರುತ್ತಿದ್ದ ಕೆಲಸ, ಬುರುಲ್ಚಾಳ ಕೈಗಲ್ಲ. ಲಾರಿಯಲ್ಲಿ ಮಲಗಿಸಿಕೊಂಡು ಹೊರಟರೆ ಕಣಿವೆಯ ದಾರಿ ಹಿಮದಲ್ಲಿ ಕಟ್ಟಿಹೋಗಿತ್ತು. ತಾಯಿ ಉಳಿದಳು. ಉಸಿರಿಲ್ಲದ ಕೂಸನ್ನು ತನ್ನ ಶಾಲಿನಲ್ಲಿ ಸುತ್ತುವಾಗ ಬುರುಲ್ಚಾ ಅಳಲಿಲ್ಲ. ತಾನು ಹೇಳಿದ ಆ ಒಂದು ಮಾತನ್ನೇ ಹಲ್ಲಿನ ನಡುವೆ ಅಗಿಯುತ್ತಾ ಕೂತಿದ್ದಳು.

ಅಂದಿನಿಂದ ಅವಳು ಕಾದಳು. ಮರದ ಮೇಲಿನ ಹಣ್ಣು ತಾನೇ ಬೀಳಲಿ ಎಂದು ಕಾಯುವವಳಂತಲ್ಲ, ಬಿಲದ ಬಾಯಲ್ಲಿ ಕೂತ ಬೆಕ್ಕಿನಂತೆ.

ಕೊನೆಗೆ ಸುದ್ದಿ ಬಂತು. ಸಂಶೋಧನೆಯ ಮುಂದಿನ ಹಂತ ಶುರುವಾಗುತ್ತದಂತೆ, ಇಡೀ ಬೆಟ್ಟದ ಸೀಮೆಗೆ ಶಾರ್ಶೆನ್‌ನನ್ನೇ ಮುಖ್ಯಸ್ಥನನ್ನಾಗಿ ಮಾಡುತ್ತಾರಂತೆ, ಅದಕ್ಕೆ ಮೊದಲು ಮಾರ್ಯುಟ್ ಇನ್ನೊಮ್ಮೆ ಬರುತ್ತಾಳಂತೆ. ಈ ಸಲ ಅವಳ ಜೊತೆ ನುರ್ಜಾನ್ ಎಂಬ ಹುಡುಗಿ ದುಭಾಷಿಯಾಗಿ ಬರುವವಳಿದ್ದಳು. ಊಟ ಎಲ್ಲಿ ಎಂದು ಕೇಳಿದ್ದಕ್ಕೆ ಬುರುಲ್ಚಾ, “ನಮ್ಮನೇಲೇ. ಮೊದಲಿನ ಹಾಗೇ” ಅಂದಳು.

ಗಂಡ ಜಪಾರ್ ಕುರಿ ಕೊಯ್ದು ತುಂಡು ಮಾಡುತ್ತಾ ಅನುಮಾನದಿಂದ ನೋಡಿದ. “ಶಾರ್ಶೆನ್‌ಗೆ ಯಾವ ಮೂಳೆ ಇಡ್ಲಿ? ನೀನು ಕತ್ತಿನ ಮೂಳೆ ಇಡು ಅಂದ್ರೆ ನಾನು ಇಡಲ್ಲ ನೋಡು. ಊರೆಲ್ಲ ಉಗಿಯುತ್ತೆ.”

“ಕತ್ತು ಯಾಕೆ? ಸೊಂಟದ್ದೇ ಇಡು.”

ಸೊಂಟದ ಮೂಳೆ ದೊಡ್ಡವರ ಪಾಲು, ಕತ್ತಿನದು ಅತಿಥಿಗೆ ಇಡುವುದಲ್ಲ. ಜಪಾರ್‌ನ ಕೈಯ ಚಾಕು ನಿಂತಿತು. “ಮೈ ಹುಷಾರಿದೆಯೇನೇ ನಿಂಗೆ? ಅವನ ಹೆಸರು ಕೇಳಿದ್ರೆ ಉರಿದು ಬೀಳ್ತಿದ್ದೋಳು.”

“ಕೊಬ್ಬಿರೋದನ್ನೇ ಆರಿಸಿಡು. ಗಂಟಲಲ್ಲಿ ಸಿಕ್ಕೊಂಡಾಗ ರುಚಿಯಾಗಿರ್ಲಿ.”

ಅತಿಥಿಗಳು ಬಂದರು. ಶಾರ್ಶೆನ್ ಬುರುಲ್ಚಾಳ ಎರಡೂ ಕೈ ಹಿಡಿದು, “ಎಜೆ, ವಯಸ್ಸೇ ಆಗಿಲ್ಲ ನಿಮಗೆ” ಅಂದ.

“ಆಗೋಕೆ ಬಿಡುವೆಲ್ಲಪ್ಪಾ? ಸೂಲಗಿತ್ತಿ ಕೆಲ್ಸಾನೂ ನನ್ನ ತಲೆ ಮೇಲೇ ಅಲ್ವಾ” ಎಂದು ನಗುತ್ತಲೇ ಒಳಗೆ ಕರೆದಳು.

ತನ್ನ ಮುಂದೆ ಸೊಂಟದ ಮೂಳೆ ಬಂದಾಗ ಶಾರ್ಶೆನ್‌ನ ಮುಖ ಅರಳಿತು. ಊರು ತನ್ನನ್ನು ಮನ್ನಿಸಿದೆ ಎಂದು ನಂಬಿ ಕೊಬ್ಬಿಗೆ ಬಾಯಿ ಹಾಕಿದ. ಮಾರ್ಯುಟ್ ಚಹದ ಬಟ್ಟಲು ಕೆಳಗಿಟ್ಟು ನುರ್ಜಾನ್‌ಳ ಮೂಲಕ ಕೇಳಿದಳು. “ಶಾರ್ಶೆನ್ ಅವರು ಇಷ್ಟು ವರ್ಷ ನಮ್ಮ ಜೊತೆ ಕೆಲಸ ಮಾಡಿದ್ದಾರೆ. ಇನ್ನು ಮುಂದೆಯೂ ಅವರೇ ಇರಬಹುದೇ? ನಿಮ್ಮ ಮಾತು ನಮಗೆ ಮುಖ್ಯ.”

ಬುರುಲ್ಚಾ ಎದೆಯ ಮೇಲೆ ಕೈಯಿಟ್ಟಳು. “ಶುಕುರ್, ಸಾಕು.”

ನುರ್ಜಾನ್ ಬಾಯಿ ತೆರೆದವಳು ತಡವರಿಸಿದಳು. “ಎಜೆ, ಯಾವ ಸಾಕು ಅಂತ ಹೇಳ್ಲಿ? ಚೆನ್ನಾಗಿದ್ದಾರೆ ಅಂತಲಾ, ಇನ್ನು ಬೇಡ ಅಂತಲಾ?”

“ನಂಗೇನು ಗೊತ್ತಮ್ಮಾ, ನಾನು ಹಳ್ಳಿಯೋಳು. ಈ ಮಾತನ್ನ ಅವರ ಭಾಷೆಗೆ ತಿರುಗಿಸಿ ರೂಢಿ ಇರೋದು ನಮ್ಮ ಶಾರ್ಶೆನ್‌ಗೆ. ಅವನೇ ಹೇಳ್ಲಿ.”

ಶಾರ್ಶೆನ್‌ನ ಬಾಯಲ್ಲಿದ್ದ ತುಂಡು ಅಲ್ಲೇ ನಿಂತಿತು. ಮೊದಲಿನಂತೆ ತಿರುಗಿಸಿದರೆ ತನ್ನ ಕುರ್ಚಿ ಹೋಗುತ್ತದೆ. ಬೇರೆ ಥರ ತಿರುಗಿಸಿದರೆ ಮೊದಲು ಹೇಳಿದ್ದು ಸುಳ್ಳಾಗುತ್ತದೆ. ಆದರೆ ಆಸೆ ಎನ್ನುವುದು ಬುದ್ಧಿಗಿಂತ ಮುಂಚೆ ಬಾಯಿ ತೆರೆಯಿತು. “ಇದು ನಮ್ಮ ಕಡೆ ಮರ್ಯಾದೆಗೆ ಆಡೋ ಮಾತು” ಎಂದು ಅವನು ಇಂಗ್ಲಿಷಿನಲ್ಲಿ ಗಡಬಡಿಸಿದ. “ಬೇಡ ಅಂತ ಅರ್ಥ ಅಲ್ಲವೇ ಅಲ್ಲ. ಊಟದ ಮುಂದೆ ಎಲ್ಲರೂ ಹೀಗೇ ಹೇಳ್ತಾರೆ.”

ನುರ್ಜಾನ್ ಅದನ್ನು ಬುರುಲ್ಚಾಳಿಗೆ ತಿರುಗಿಸಿ ಹೇಳಿದಳು. ಬುರುಲ್ಚಾ ತಲೆದೂಗಿದಳು, ಪಾಠ ಒಪ್ಪಿಸಿದ ಮಗುವಿಗೆ ಮೇಷ್ಟ್ರು ತಲೆದೂಗುವಂತೆ.

ಮಾರ್ಯುಟ್ ಕೈಯಲ್ಲಿದ್ದ ರೊಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟಳು. “ಹಾಗಾದರೆ ಹೋದ ಸಲ, ಇದೇ ಮನೆಯಲ್ಲಿ, ಊಟದ ಮುಂದೆಯೇ ಇವರು ಹೇಳಿದ್ದು?”

ಜಪಾರ್ ಮೀಸೆಯ ಅಡಿಯಲ್ಲಿ ಬೇಡವಾದ ಕೆಮ್ಮೊಂದನ್ನು ಕೆಮ್ಮಿದ.

“ಅವರನ್ನ ಬಾಗಿಲ ಹೊರಗೆ ಬರೋಕೆ ಹೇಳಮ್ಮಾ” ಎಂದಳು ಬುರುಲ್ಚಾ ನುರ್ಜಾನ್‌ಗೆ. “ರೊಟ್ಟಿ ಕಣ್ಣಿಗೆ ಬೀಳದ ಕಡೆ ನಿಂತು ಮತ್ತೆ ಕೇಳ್ಲಿ, ಜನ ಸಾಲದೆ ಅಂತ.”

ಅಂಗಳದಲ್ಲಿ ನಿಂತು ಅವಳು ಹೇಳಿದ್ದು ಮುಗಿಯುವ ಹೊತ್ತಿಗೆ ಒಳಗಿನ ಚಹ ತಣ್ಣಗಾಗಿತ್ತು. ಲಾರಿಯ ಮಾತು ಬಂದಾಗ ಮಾರ್ಯುಟ್ ತಲೆ ತಗ್ಗಿಸಿದಳು. ಊಟದ ಮುಂದೆ ಕೇಳಿ ಬರೆದುಕೊಂಡದ್ದನ್ನೆಲ್ಲ ಕೈಬಿಟ್ಟು ಇಡೀ ಕಣಿವೆಯಲ್ಲಿ ಹೊಸದಾಗಿ ವಿಚಾರಿಸುತ್ತೇನೆ, ಶಾರ್ಶೆನ್ ಅದರಲ್ಲಿ ಇರುವುದಿಲ್ಲ ಎಂದಳು.

ಹೊರಡುವಾಗ ಬುರುಲ್ಚಾ ಅರ್ಧ ತಿಂದ ಸೊಂಟದ ಮೂಳೆಯನ್ನು ಪದ್ಧತಿಯಂತೆ ಚೀಲಕ್ಕೆ ಹಾಕಿ ಶಾರ್ಶೆನ್‌ನ ಕೈಗಿಟ್ಟಳು. ಅವನು ಯಾರಿಗೂ ಕೇಳಿಸದಂತೆ, “ಈಗ ಹೊಟ್ಟೆ ತಣ್ಣಗಾಯ್ತಾ, ಎಜೆ?” ಅಂದ.

“ಇಲ್ಲ. ಗುಲ್ಸಾನ್ ವಾಪಸ್ ಬರ್ಲಿ, ಆಮೇಲೆ ನೋಡ್ತೀನಿ” ಎಂದು ಚೀಲದ ಬಾಯಿ ಬಿಗಿಯಾಗಿ ಗಂಟು ಹಾಕಿದಳು. “ದಾರೀಲಿ ಬಿಸಾಡಬೇಡ. ಮನೆಗೆ ಹೋಗಿ ತಿನ್ನು, ಪೂರ್ತಿ.”