ಮನುವೆಲಿತೋಗೆ ಅಂಗಿ ಹೆಣೆಯುವ ಅಸುಂತಾ

ಬೆಳಗಿನ ಐದು ಗಂಟೆ. ಕುಸ್ಕೋ ಪಟ್ಟಣದ ಮೇಲುಕೇರಿಯ ಮೆಟ್ಟಿಲುಬೀದಿಗೆ ಇನ್ನೂ ಬ್ರೆಡ್ಡಿನವಳು ಬಂದಿಲ್ಲ. ಅಸುಂತಾ ಪುಮಾ ಆಗಲೇ ಹೊಸ್ತಿಲ ಬಳಿ ಕುರಿಚರ್ಮ ಹಾಸಿ ಕೂತಿದ್ದಾರೆ. ಐದು ಸಣ್ಣ ಕಡ್ಡಿಗಳ ನಡುವೆ ಹೆಬ್ಬೆರಳುದ್ದದ ಕೆಂಪು ಕಾಲುಚೀಲವೊಂದು ಸುತ್ತು ಸುತ್ತಾಗಿ ಬೆಳೆಯುತ್ತಿದೆ. ಒಳಗೆ ಒಲೆಯ ಪಕ್ಕದಲ್ಲಿ ಸಾಕಿದ ಗಿನಿ ಇಲಿಗಳು ಸೊಪ್ಪಿಗಾಗಿ ಗಲಾಟೆ ಮಾಡುತ್ತಿವೆ. ನಾಳೆ ಕ್ರಿಸ್‌ಮಸ್ ಹಿಂದಿನ ದಿನ. ಸಂತೋಷದಿಂದ ಇರಬೇಕಾದ ಅಸುಂತಾ ಯಾಕೋ ಗಲಿಬಿಲಿಯಲ್ಲಿದ್ದಾರೆ.

"ಇವತ್ತು ಇಬ್ರು ಬರ್ತಾರೆ ಕಣಮ್ಮ. ನನ್ನ ಎರಡು ಜಡೇಲಿ ಒಂದಾದ್ರೂ ಉಳಿದ್ರೆ ಪುಣ್ಯ," ಎಂದು ಎದುರು ಕೂತ ನನಗೆ ಹೇಳುತ್ತಾರೆ.

ಆ ಇಬ್ಬರ ಕತೆಗೆ ಆಮೇಲೆ ಬರುತ್ತೇನೆ. ನಮ್ಮ ಮನೆಮನೆಯಲ್ಲೂ ಒಬ್ಬ ಮನುವೆಲಿತೋ ಇರುತ್ತಾನೆ, ಮರದಲ್ಲೋ ಗಾರೆಯಲ್ಲೋ ಮಾಡಿದ ಬಾಲಯೇಸು. ಹಬ್ಬದ ದಿನ ಚರ್ಚಿನ ಪೂಜೆಗೆ ಅವನನ್ನು ಎತ್ತಿಕೊಂಡು ಹೋಗುವಾಗ ಮೈಮೇಲೆ ಹೊಸ ಬಟ್ಟೆ ಇರಲೇಬೇಕು. ಆ ಬಟ್ಟೆ ಹೆಣೆಯುವುದು ಅಸುಂತಾ ಅವರ ಕೆಲಸ. ಬೊಂಬೆ ಎಂದು ಬಾಯಿತಪ್ಪಿ ಅಂದಿರೋ, ಬೈಗುಳ ತಿನ್ನುತ್ತೀರಿ. "ಬೊಂಬೆ ಯಾವ್ದು? ಮಗು ಅದು. ಈ ಮಳೆ ಚಳೀಲಿ ಮಗೂನ ಹಳೇ ಅಂಗೀಲಿ ಹೊರಗೆ ಕರ್ಕೊಂಡು ಹೋಗ್ತೀರಾ?" ಬರುವವರೂ ಹಾಗೆಯೇ ಮಾತಾಡುತ್ತಾರೆ. ಇವನಿಗೆ ಶೀತವಾಗಿದೆ, ಇವನು ಓಡಾಡಿ ಕಾಲುಚೀಲ ಸವೆಸಿದ್ದಾನೆ ಎಂದು ದೂರು ಹೇಳುತ್ತಾರೆ. ನಾನೂ ನಮ್ಮನೆಯವನನ್ನು ಟವೆಲಿನಲ್ಲಿ ಸುತ್ತಿ ಇಲ್ಲಿಗೇ ತಂದವಳು, ನಗುವ ಹಕ್ಕು ನನಗಿಲ್ಲ.

ಅಸುಂತಾಗೆ ಅರವತ್ತೆಂಟು ವರ್ಷ. ಕುರಿ ಕಾಯುತ್ತ ಟೋಪಿ ಹೆಣೆಯುತ್ತಿದ್ದ ಅಪ್ಪನಿಂದ ಏಳನೇ ವಯಸ್ಸಿಗೇ ಕಡ್ಡಿ ಹಿಡಿಯಲು ಕಲಿತರು. ಹದಿನೈದಕ್ಕೆ ಪೇಟೆಗೆ ಬಂದು ಕಂಡವರ ಮನೆಯ ಬಟ್ಟೆ ಒಗೆದರು. ತಣ್ಣೀರಿಗೆ ಬೆರಳು ಒಡೆದು, ಉಣ್ಣೆ ಮುಟ್ಟಿದರೆ ರಕ್ತ ಅಂಟುತ್ತಿತ್ತಂತೆ. ಮನುವೆಲಿತೋಗಳಿಗೆ ಹೆಣೆಯಲು ಶುರುಮಾಡಿ ನಲವತ್ತೊಂದು ವರ್ಷವಾಯಿತು. ಈ ಸಲ ನವೆಂಬರಿನಿಂದ ಮೂವತ್ತೆಂಟು ಮಕ್ಕಳು. ಒಬ್ಬೊಬ್ಬನಿಗೂ ಅಂಗಿ, ಟೋಪಿ, ಕಾಲುಚೀಲ. ದಿನಕ್ಕೆ ಹನ್ನೆರಡು ಗಂಟೆ ದುಡಿಮೆ. ಎಡಗಣ್ಣು ಮಂಜಾಗಿರುವುದರಿಂದ ಕಪ್ಪು ಉಣ್ಣೆ ಯಾವುದು, ನೀಲಿ ಯಾವುದು ಎಂದು ಗಂಡ ಬೆನಿತೋ ಹೇಳಬೇಕು. ಮಾರುಕಟ್ಟೆಯಲ್ಲಿ ಮೂಟೆ ಹೊತ್ತು ಸೊಂಟ ಹೋದ ಮೇಲೆ ಉಣ್ಣೆ ಉಂಡೆ ಸುತ್ತುವುದು ಅವರ ಪಾಲಿಗೆ ಬಂದಿದೆ.

"ಮೂವತ್ತೆಂಟು ಮಕ್ಕಳಿಗೆ ಟೋಪಿ ಹೆಣೀತಾಳೆ, ಕಟ್ಕೊಂಡ ಗಂಡನಿಗೆ ಒಂದಿಲ್ಲ!"

"ಕೂದಲೇ ಇಲ್ದಿರೋ ತಲೆಗೆ ಟೋಪಿ ಯಾಕ್ರೀ?"

"ಬೋಳು ತಲೆಗೇ ಕಣೇ ಬೇಕಾಗಿರೋದು!"

ಇನ್ನು ಆ ಇಬ್ಬರು. ನಿಕೊಲಾಸಾ ಅಕ್ಕ, ಎಲ್ವಿರಾ ತಂಗಿ. ಇವರ ತಾಯಿ ಫೆಲೀಪಾ ಅಸುಂತಾ ಅವರ ಮೊದಲ ಗಿರಾಕಿ, ಆಮೇಲೆ ಗೆಳತಿ. ಎರಡು ವರ್ಷದ ಹಿಂದೆ ಆಕೆ ತೀರಿಕೊಂಡಾಗ ಮನೆಯ ಮನುವೆಲಿತೋ ಯಾರಿಗೆ ಸೇರಬೇಕೆಂದು ಜಗಳ ಹತ್ತಿತು. ಹಿರಿಯಳು ನಾನು ಎಂದು ಅಕ್ಕ, ಅಮ್ಮನನ್ನು ಕೊನೆತನಕ ನೋಡಿಕೊಂಡವಳು ನಾನು ಎಂದು ತಂಗಿ. ಮಾತು ನಿಂತುಹೋಯಿತು. ಕಳೆದ ಕ್ರಿಸ್‌ಮಸ್‌ಗೆ ಮಗು ಹಳೇ ಅಂಗಿಯಲ್ಲಿ, ಎಲ್ವಿರಾ ಮನೆಯ ಗಾಜಿನ ಪೆಟ್ಟಿಗೆಯಲ್ಲೇ ಉಳಿಯಿತು. ಯಾರೂ ಪೂಜೆಗೆ ಒಯ್ಯಲಿಲ್ಲ. ಅದನ್ನು ಹೇಳುವಾಗ ಅಸುಂತಾ ಅವರ ಕಣ್ಣು ತುಂಬುತ್ತದೆ.

ಈ ವರ್ಷ ಎಲ್ವಿರಾ ಮಗುವನ್ನೇ ತಂದು ಅಳತೆ ಕೊಟ್ಟು, ಬಿಳಿ ಉಣ್ಣೆ ಇಟ್ಟುಹೋದರು. ಮೂರು ದಿನ ಬಿಟ್ಟು ನಿಕೊಲಾಸಾ ಮಗುವಿನ ಅಳತೆಗೆ ಗಂಟು ಹಾಕಿದ ಒಂದು ದಾರ, ಒಂದಿಷ್ಟು ಕೆಂಪು ಉಣ್ಣೆ ಹಿಡಿದು ಬಂದರು. ದಾರದ ಗಂಟು ನೋಡುತ್ತಲೇ ಇದು ಅದೇ ಮಗು ಎಂದು ಅಸುಂತಾಗೆ ಗೊತ್ತಾಯಿತು. ಬಾಯಿ ಬಿಡಲಿಲ್ಲ. ಇಬ್ಬರಿಗೂ ಒಂದೇ ಬೆಳಗ್ಗೆ ಬರಹೇಳಿದರು, ಎರಡೂ ಉಣ್ಣೆ ಸೇರಿಸಿ ಒಂದೇ ಜೊತೆ ಬಟ್ಟೆ ಹೆಣೆದರು. ಸಿಟ್ಟಾಗಿ ಇಬ್ಬರೂ ಎದ್ದುಹೋದರೆ ಫೆಲೀಪಾಳ ಮಗು ಈ ವರ್ಷವೂ ಪೆಟ್ಟಿಗೆಯಲ್ಲೇ. ಗಲಿಬಿಲಿಗೆ ಕಾರಣ ಅದು.

ಆರು ಗಂಟೆಗೆ ಎಲ್ವಿರಾ ಶಾಲಿನಲ್ಲಿ ಮಗುವನ್ನು ಸುತ್ತಿಕೊಂಡು ಬರುತ್ತಾರೆ. ಹಿಂದೆಯೇ ನಿಕೊಲಾಸಾ.

"ಓಹೋ, ಮಗುವಿನ ಒಡತಿ ಬಂದಿದ್ದಾಳೆ," ಎಂದು ನಿಕೊಲಾಸಾ ಗೋಡೆಗೆ ಹೇಳುತ್ತಾರೆ.

"ಹೋದ್ವರ್ಷ ತಿರುಗಿ ನೋಡದೋರಿಗೆ ಈಗ ಪ್ರೀತಿ ಉಕ್ತಾ ಇದೆ," ಎಂದು ಎಲ್ವಿರಾ ಒಲೆಗೆ ಹೇಳುತ್ತಾರೆ.

ಅಸುಂತಾ ಬಿಳಿ ಅಂಗಿ, ಕೆಂಪು ಟೋಪಿ, ಕೆಂಪು ಕಾಲುಚೀಲ ಮುಂದಿಡುತ್ತಾರೆ. ಇನ್ನೊಂದು ಜೊತೆ ಎಲ್ಲಿ ಎಂದು ಇಬ್ಬರೂ ಒಟ್ಟಿಗೇ ಕೇಳುತ್ತಾರೆ.

"ಇರೋದು ಎಷ್ಟು ಮಗು?" ಎನ್ನುತ್ತಾರೆ ಅಸುಂತಾ.

ಎಲ್ವಿರಾ ಬಿರುಸಿನಿಂದ ಅಂಗಿ ತೊಡಿಸಲು ನೋಡುತ್ತಾರೆ. ಆಗುವುದಿಲ್ಲ. ಮಗುವಿನ ಮರದ ಕೈಗಳು ಚಾಚಿಯೇ ಇವೆ, ಮಡಚುವುದಿಲ್ಲ. ಅದಕ್ಕೇ ಇಂಥ ಅಂಗಿಗಳ ಬೆನ್ನು ಸೀಳಿ ಗುಂಡಿ ಇಡುತ್ತಾರೆ. ಈ ಅಂಗಿಯ ಬೆನ್ನು ಪೂರ್ತಿ ಮುಚ್ಚಿದೆ.

"ಗುಂಡಿ ಎಲ್ಲಿ ಅಸುಂತಮ್ಮಾ?"

"ಅಯ್ಯೋ, ಮರ್ತೇಬಿಟ್ನಲ್ಲೇ! ಕಣ್ಣು ಮಂಜು ನೋಡು. ಒಬ್ರು ಹಿಡ್ಕೊಳ್ಳಿ, ಒಬ್ರು ಎಳೀರಿ. ಜೋಪಾನ, ಬೆರಳು ಮುರಿದೀತು."

ಬೆನಿತೋ ಒಲೆಯ ಕಡೆ ತಿರುಗಿ ಸುಮ್ಮನೆ ಕೆಮ್ಮುತ್ತಾರೆ. ಬೆರಳು ಮುರಿಯುವ ಮಾತು ಕೇಳಿ ನಿಕೊಲಾಸಾ ಮಗುವಿನ ಸೊಂಟ ಹಿಡಿಯುತ್ತಾರೆ.

"ಮೆಲ್ಲಗೆ."

"ಗೊತ್ತು ನಂಗೆ."

"ಎಡಗೈ ಮೊದ್ಲು ಹಾಕೇ. ಅಮ್ಮ ಹಾಗೇ ಹಾಕ್ತಿದ್ಲು." ಹೇಳುತ್ತ ನಿಕೊಲಾಸಾ ಮಗುವಿನ ಎಡಬದಿಯನ್ನು ತಂಗಿಯ ಕಡೆ ತಿರುಗಿಸುತ್ತಾರೆ. ಎಲ್ವಿರಾ ತಲೆ ಎತ್ತುವುದಿಲ್ಲ, ಆದರೆ ಎಡಗೈಯನ್ನೇ ಮೊದಲು ತೂರಿಸುತ್ತಾರೆ. ನನಗೆ ಕಣ್ಣು ಒರೆಸಿಕೊಳ್ಳಬೇಕಾಗುತ್ತದೆ.

ಟೋಪಿ ಇಟ್ಟ ಮೇಲೆ ಎಲ್ವಿರಾ ಮೊದಲ ಬಾರಿಗೆ ಅಕ್ಕನ ಮುಖ ನೋಡಿ, "ಬಿಚ್ಚೋಕೂ ಇಬ್ರು ಬೇಕಲ್ಲ?" ಎನ್ನುತ್ತಾರೆ.

"ಬೇಕಾಗುತ್ತೆ. ಪೂಜೆ ಮುಗಿಸ್ಕೊಂಡು ನಮ್ಮನೆಗೇ ಬಾ, ಚಾಕೊಲೇಟು ಕಾಯಿಸ್ತೀನಿ."

"ನಿಮ್ಮನೇದು ಬರೀ ನೀರು. ನೀನೇ ನಮ್ಮನೆಗೆ ಬಾ."

ಮಗು ತಂಗಿಯ ತೋಳಿನಲ್ಲಿ, ಅಕ್ಕನ ಕೊಡೆ ಅದರ ಮೇಲೆ. ಚಾಕೊಲೇಟಿನ ಜಗಳ ಮೆಟ್ಟಿಲಿಳಿದು ಹೋಗುತ್ತದೆ. ಗುಂಡಿ ನಿಜವಾಗಿಯೂ ಮರೆತಿದ್ದಾ ಎಂದು ಕೇಳುತ್ತೇನೆ. ಅಸುಂತಾ ಮುಂದಿನ ಮಗುವಿನ ಉಣ್ಣೆ ಕೈಗೆತ್ತಿಕೊಳ್ಳುತ್ತಾರೆ.

"ವಯಸ್ಸಾಯ್ತಲ್ಲಮ್ಮ, ಮರೆವು ಬರಬಾರ್ದಾ? ಮುಂದಿನ್ವರ್ಷ ಗುಂಡಿ ಇಡ್ಲಿಲ್ಲ ಅಂತ ಇಬ್ರೂ ಒಟ್ಟಿಗೆ ಬಂದು ನನ್ಜೊತೆ ಜಗಳ ಆಡ್ಲಿ. ಅಷ್ಟು ಸಾಕು ನಂಗೆ."