ಗೋದಲಿಯ ಗದ್ದೆ

ಮನುಷ್ಯನಿಗೆ ವಿನಯ ಕಲಿಸುವುದರಲ್ಲಿ ಬೇಸಾಯಕ್ಕೆ ಸಮನಾದ ವಿದ್ಯೆ ಇನ್ನೊಂದಿಲ್ಲ. ಎಕರೆಗಟ್ಟಲೆ ಉತ್ತವರು ಈ ಮಾತು ಹೇಳಿದರೆ ಅದಕ್ಕೊಂದು ತೂಕವಿರುತ್ತದೆ. ನಾನು ಹೇಳುತ್ತಿರುವುದು ಎರಡು ಟೀ ಟ್ರೇಗಳಷ್ಟು ಜಮೀನು ಮಾಡಿದ ಅನುಭವದಿಂದ.

ಶಿರಸಿಯ ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ಎಂದರೆ ಮೊದಲು ಗೋದಲಿ. ಬಾಲಯೇಸು ಹುಟ್ಟಿದ ದನದ ಕೊಟ್ಟಿಗೆಯ ಪುಟ್ಟ ಮಾದರಿ ಅದು. ಹುಲ್ಲಿನ ಮಾಡು, ಕುರಿ, ಕುರುಬರ ಮಣ್ಣಿನ ಗೊಂಬೆಗಳು, ಸುತ್ತ ಒಂದು ಹಸಿರು ಗದ್ದೆ. ಹಬ್ಬಕ್ಕೆ ಹನ್ನೆರಡು ದಿನ ಮೊದಲು ಟ್ರೇಯಲ್ಲಿ ಮಣ್ಣು ಹಾಕಿ ಭತ್ತ ಬಿತ್ತಿದರೆ ಇಪ್ಪತ್ನಾಲ್ಕರ ಸಂಜೆಗೆ ಸಸಿ ಬೆರಳುದ್ದ ಎದ್ದು ನಿಲ್ಲುತ್ತದೆ. ಈಚೆಗೆ ಕೆಲವು ವರ್ಷ ಸೋಮಾರಿತನದಿಂದ ಮರದ ಹೊಟ್ಟಿಗೆ ಹಸಿರು ಬಣ್ಣ ಕಲಸಿ ಹರಡಿ ಕೈತೊಳೆದುಕೊಂಡಿದ್ದೆವು. ಹೋದ ಡಿಸೆಂಬರಿನಲ್ಲಿ ಆರು ವರ್ಷದ ಮೊಮ್ಮಗಳು ಆ ಹೊಟ್ಟಿನ ಚೀಲ ನೋಡಿ ಒಂದೇ ಪ್ರಶ್ನೆ ಕೇಳಿದಳು.

“ಅಜ್ಜ, ಕುರಿ ಹೊಟ್ಟು ತಿಂತದಾ?”

ಗದ್ದೆ ಮಾಡುವುದೆಂದು ಅಲ್ಲೇ ತೀರ್ಮಾನವಾಯಿತು, ಅದರ ಒಡೆತನ ಅವಳದೆಂದೂ ತೀರ್ಮಾನವಾಯಿತು. ಮರುದಿನವೇ ಅವಳು ಇಡೀ ಒಂದನೇ ತರಗತಿಗೆ, ಜೊತೆಗೆ ಅವರಿಗೆ ಪಾಠ ಹೇಳುವ ಅಕ್ಕೋರಿಗೆ, ಗದ್ದೆ ನೋಡಲು ಬರಬೇಕೆಂದು ಹೇಳಿ ಬಂದಳು. ನಾಲ್ಕು ವರ್ಷದ ತಮ್ಮನಿಗೆ ಮಾತ್ರ ಒಂದು ಷರತ್ತು: ಸಸಿ ಕುರಿಮರಿಯ ಹೊಟ್ಟೆ ಮುಟ್ಟುವಷ್ಟು ಬೆಳೆದ ಮೇಲೆಯೇ ಅವನು ಕುರಿಮರಿಯನ್ನು ಗದ್ದೆಗೆ ಇಳಿಸಬಹುದು. ಅವನು ಆ ಮಣ್ಣಿನ ಕುರಿಮರಿಯನ್ನು ಅಂದಿನಿಂದ ಚಡ್ಡಿಯ ಜೇಬಿನಲ್ಲಿಟ್ಟುಕೊಂಡೇ ಓಡಾಡತೊಡಗಿದ. ಊಟಕ್ಕೆ ಕೂತರೆ ಅದೂ ತಟ್ಟೆಯ ಪಕ್ಕ ಕೂರುತ್ತಿತ್ತು.

ಮಗ ಬೆಳಿಗ್ಗೆ ಸಿದ್ದಾಪುರದ ಬಸ್ಸು ಹಿಡಿಯುವವನು, ಸೊಸೆ ಯಲ್ಲಾಪುರದ ಬಸ್ಸು ಹಿಡಿಯುವವಳು. ಹೀಗಾಗಿ ಅಲಂಕಾರದ ಖಾತೆ ನನಗೆ ಬಂತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. ಬೀಜ ಮೊಳೆಯುವ ಪಾಠವನ್ನು ನಿದ್ದೆಯಲ್ಲೂ ಒಪ್ಪಿಸಬಲ್ಲೆ. ಮಕ್ಕಳಿಬ್ಬರನ್ನೂ ಕೂರಿಸಿ, ನೀರು, ಗಾಳಿ, ಹದವಾದ ಶಾಖ ಎಂಬ ಮೂರು ಅಗತ್ಯಗಳನ್ನು ವಿವರಿಸಿದೆ. ಆಮೇಲೆ ಉಗ್ರಾಣಕ್ಕೆ ಹೋಗಿ, ಹೆಂಡತಿಯ ತವರೂರು ನಂದೊಳ್ಳಿಯಿಂದ ಬಂದ ಭತ್ತದ ಎರಡು ಚೀಲಗಳಲ್ಲಿ ಕೈಗೆ ಹತ್ತಿರವಿದ್ದದ್ದನ್ನು ಬಿಚ್ಚಿ, ಎರಡು ಮುಷ್ಟಿ ತಂದೆ. ಮೊಮ್ಮಗಳು ಒಂದೊಂದೇ ಕಾಳನ್ನು ಸಾಲಾಗಿ ಇಟ್ಟಳು. ಹನ್ನೆರಡನೆಯ ತಾರೀಖು ಬಿತ್ತನೆ ಮುಗಿಯಿತು.

ಗದ್ದೆ ತನ್ನ ಪಾಡಿಗೆ ಬೆಳೆಯಲಿ ಎಂದು ಉಳಿದ ಅಲಂಕಾರಕ್ಕೆ ಕೈಹಾಕಿದೆವು. ಬಣ್ಣದ ಕಾಗದ ಕತ್ತರಿಸಿ, ಮೈದಾ ಅಂಟು ಕುದಿಸಿ, ಸರಪಳಿ ಮಾಡಿದೆವು. ಮುಂಬಾಗಿಲಿನಿಂದ ಬಚ್ಚಲಿನವರೆಗೆ ಮುಟ್ಟಬೇಕೆಂಬುದು ಮೊಮ್ಮಗಳ ಗುರಿ. ಮೊಮ್ಮಗ ಅಂಟಿನ ರುಚಿ ನೋಡಿ, ಸಕ್ಕರೆ ಸಾಲದು ಎಂದು ಅಭಿಪ್ರಾಯ ಕೊಟ್ಟ. ಬಿದಿರಿನ ಕಡ್ಡಿ ಕಟ್ಟಿ ಗಾಳಿಪಟದ ಕಾಗದ ಅಂಟಿಸಿ ನಕ್ಷತ್ರ ಮಾಡಿದೆ. ಏರಿಸಿ ನೋಡಿದರೆ ಒಂದು ಮೂಲೆ ಪೂರ್ವಕ್ಕೆ ಜೋತುಬಿದ್ದಿತ್ತು. ಬಾಲಯೇಸುವನ್ನು ಹುಡುಕಿ ಬಂದ ಮೂವರು ಜ್ಞಾನಿಗಳು ಅದನ್ನೇ ನಂಬಿ ಹೊರಟಿದ್ದರೆ ಬನವಾಸಿಯಲ್ಲಿ ಇಳಿಯುತ್ತಿದ್ದರು. ಆದರೂ ಒಳಗೆ ಬಲ್ಬು ಹತ್ತಿದಾಗ ಮಕ್ಕಳಿಬ್ಬರೂ ಅಂಗಳದಲ್ಲಿ ಎಷ್ಟು ಕುಣಿದರೆಂದರೆ, ಘನತೆ ಕಾಯ್ದುಕೊಳ್ಳಬೇಕಾದ ನಾನೂ ಎರಡು ಹೆಜ್ಜೆ ಹಾಕಿದೆ. ಯಾರೂ ನೋಡಲಿಲ್ಲ ಎಂದುಕೊಂಡಿದ್ದೇನೆ.

ಗದ್ದೆ ಮಾತ್ರ ಮೊಳೆಯಲಿಲ್ಲ. ಮೊಮ್ಮಗಳು ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಟ್ರೇಯ ಮುಂದೆ ಮಂಡಿಯೂರಿ ಕೂರುತ್ತಿದ್ದಳು. ಮೂರನೆಯ ದಿನ ನಾನು ತಾಳ್ಮೆಯ ಬಗ್ಗೆ ಮಾತಾಡಿದೆ. ಐದನೆಯ ದಿನ ಚಳಿಯ ಮೇಲೆ ತಪ್ಪು ಹೊರಿಸಿ, ಟ್ರೇಗಳನ್ನು ಬಚ್ಚಲೊಲೆಯ ಪಕ್ಕಕ್ಕೆ ಸಾಗಿಸಿದೆ. ಏಳನೆಯ ದಿನ ಅವಳು ಏನೂ ಕೇಳದೆ ಎದ್ದು ಹೋಗಿ, ಬಣ್ಣದ ಹೊಟ್ಟಿನ ಚೀಲವನ್ನು ತಾನೇ ಎಳೆದು ತಂದು ನನ್ನ ಮುಂದೆ ಇಟ್ಟಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಷ್ಟರಲ್ಲಿ ಹೆಂಡತಿ ಬಚ್ಚಲಿಗೆ ಬಂದವಳು ಬಗ್ಗಿ, ಒಂದು ಕಾಳು ಕಿತ್ತು, ಉಗುರಲ್ಲಿ ಒತ್ತಿ ನೋಡಿದಳು.

“ಇದನ್ನ ಯಾವ ಚೀಲದಿಂದ ತಗಂಡ್ರಿ?”

“ಬಾಗಿಲ ಹತ್ರ ಇತ್ತಲ್ಲ, ಅದರಿಂದ.”

“ಅದು ಬೇಯಿಸಿದ ಭತ್ತ ಮಾರಾಯ್ರೆ. ಕುಚ್ಚಲಕ್ಕಿ ಮಾಡ್ಸೂಕೆ ಮಿಲ್ಲಿಗೆ ಕಳಿಸ್ಬೇಕು ಅಂತ ಇಟ್ಟದ್ದು.”

ನಾನೂ ಒಂದು ಕಾಳು ಕಿತ್ತು ಒತ್ತಿ ನೋಡಿದೆ.

“ಹಂಡೆಯಲ್ಲಿ ಬೇಯಿಸ್ವಾಗ ಒಲೆಗೆ ಕಟ್ಟಿಗೆ ಹಾಕಿದ್ದು ಯಾರು? ನೀವೇ ಅಲ್ದಾ?”

ನಾನೇ. ಆಮೇಲೆ ಮಾಳಿಗೆಯ ಮೇಲೆ ಒಣಹಾಕಿ ಕಾಗೆ ಓಡಿಸಿದ್ದೂ ನಾನೇ. ಬೇಯಿಸಿ ಒಣಗಿಸಿದ ಭತ್ತ ನೋಡಲು ಭತ್ತದಂತೆಯೇ ಇರುತ್ತದೆ, ಜೀವ ಮಾತ್ರ ಇರುವುದಿಲ್ಲ. ನಾನು ಹೇಳಿದ ಮೂರು ಅಗತ್ಯಗಳ ಜೊತೆಗೆ, ಬೀಜ ಬದುಕಿರಬೇಕು ಎಂಬ ನಾಲ್ಕನೆಯದೂ ಪಾಠದಲ್ಲಿತ್ತು. ಅದನ್ನು ನಾನೇ ಎಷ್ಟೋ ಸಲ ಪರೀಕ್ಷೆಯಲ್ಲಿ ಕೇಳಿದ್ದೇನೆ.

ಮೊಮ್ಮಗಳು ನಮ್ಮಿಬ್ಬರ ಮುಖ ನೋಡಿದಳು. “ಅಜ್ಜ, ನೀನು ಅನ್ನ ಬಿತ್ತಿದ್ಯಾ?”

“ಹೆಚ್ಚುಕಡಿಮೆ,” ಎಂದೆ.

ಮೊದಲು ಅವಳ ಹೆಗಲು ಕುಲುಕಿತು, ಆಮೇಲೆ ನಗೆ ಬಂತು. ನಗುತ್ತಲೇ ಬೇಲಿಯ ಬಳಿ ಓಡಿ ಪಕ್ಕದ ಮನೆಗೆ ಸುದ್ದಿ ಮುಟ್ಟಿಸಿದಳು. ಅಲ್ಲಿಯವರದು ಲಾರಿಯ ಕಸುಬು. ಮನೆಯೊಡತಿ ಮಾಳಿಗೆಯ ಮೇಲೆ ಹಳೆಯ ಡಬ್ಬಿಗಳಲ್ಲಿ ಮೆಂತೆ, ಕೊತ್ತಂಬರಿ ಬೆಳೆಯುವವರು. ರಂಜಾನಿನಲ್ಲಿ ಅವರ ಸೊಪ್ಪು ನಮಗೂ ಬರುತ್ತದೆ. ಸೆರಗಿನಲ್ಲಿ ನಗು ಮುಚ್ಚಿಕೊಂಡು ಅವರು ಬೇಲಿಯ ಬಳಿ ಬಂದರು.

“ಮಾಸ್ತರ್ರೆ, ನೀರು ಹಾಕಿದ್ದು ಸಾಕಾಗ್ಲಿಲ್ಲ. ಸ್ವಲ್ಪ ಸಾರೂ ಹಾಕ್ಬೇಕಿತ್ತು.”

“ನಗಿ, ನಗಿ. ಇನ್ನು ಐದೇ ದಿನ ಉಳಿದದ್ದು. ಅಷ್ಟರಲ್ಲಿ ಭತ್ತ ಎಲ್ಲಿ ಏಳ್ತದೆ?”

“ಭತ್ತ ಬಿಡಿ. ಮೆಂತೆ ಇವತ್ತು ನೆನೆಸಿ, ನಾಳೆ ಬಿತ್ತಿ, ಮೇಲೊಂದು ಒದ್ದೆ ಬಟ್ಟೆ ಮುಚ್ಚಿ. ಎರಡು ದಿನಕ್ಕೆ ತಲೆ ಎತ್ತದಿದ್ರೆ ನನ್ನ ಕೇಳಿ.” ಮೊಮ್ಮಗಳ ಕಡೆ ತಿರುಗಿ, “ಬೇಬಿ, ಈ ಸಲ ಬೀಜ ನಾ ಕೊಡ್ತೆ. ಅಜ್ಜನ ಕೈಲಿ ಕೊಡ್ಬೇಡ,” ಎಂದರು.

ಆಮೇಲಿನ ನಾಲ್ಕು ದಿನ ನಮ್ಮ ಮನೆಯಲ್ಲಿ ಯಾರಿಗೂ ಬೇರೆ ಕೆಲಸವಿರಲಿಲ್ಲ. ಇಪ್ಪತ್ತೆರಡರ ಬೆಳಿಗ್ಗೆ ಬಟ್ಟೆ ಸರಿಸಿದರೆ ಬಿಳಿಯ ಕೊಕ್ಕೆಗಳು ಮಣ್ಣು ಎತ್ತಿ ನಿಂತಿದ್ದವು. ಮೊಮ್ಮಗಳು ಮನೆಯ ಎಲ್ಲರನ್ನೂ, ಸ್ನಾನಕ್ಕೆ ಹೋಗಿದ್ದ ಅವಳ ಅಪ್ಪನನ್ನೂ, ಎಳೆದು ತಂದು ತೋರಿಸಿದಳು. ಅವನು ಟವೆಲ್ಲು ಸುತ್ತಿಕೊಂಡೇ ಗದ್ದೆ ನೋಡಿದ. ಸಿದ್ದಾಪುರದ ಬಸ್ಸು ತಪ್ಪಿತು. ಇಪ್ಪತ್ಮೂರಕ್ಕೆ ಜೋಡಿ ಎಲೆ ಬಿಚ್ಚಿದವು. ಮೊಮ್ಮಗ ಗಂಟೆಗೊಮ್ಮೆ ಜೇಬಿನ ಕುರಿಮರಿ ತೆಗೆದು ಟ್ರೇಯ ಪಕ್ಕ ನಿಲ್ಲಿಸಿ ಅಳೆಯುತ್ತಿದ್ದ. “ಇನ್ನೂ ಮೊಣಕಾಲು,” ಎಂದು ಅಕ್ಕ ತೀರ್ಪು ಕೊಡುತ್ತಿದ್ದಳು.

ಇಪ್ಪತ್ನಾಲ್ಕರ ಸಂಜೆ ಐದು ಗಂಟೆಗೆ ಟ್ರೇಗಳನ್ನು ಗೋದಲಿಯ ಎರಡು ಬದಿಗೆ ಇಟ್ಟೆವು. ಒಂದನೇ ತರಗತಿಯ ಏಳು ಮಂದಿ, ಅವರ ಅಕ್ಕೋರು, ಪಕ್ಕದ ಮನೆಯವರು, ಎಲ್ಲರೂ ಸೇರಿದ್ದರು. ಮೊಮ್ಮಗ ಕುರಿಮರಿಯನ್ನು ಹಿಡಿದು ಅಕ್ಕನ ಮುಖ ನೋಡಿದ. ಅವಳು ನೆಲಕ್ಕೆ ಕೆನ್ನೆ ಹಚ್ಚಿ, ಒಂದು ಕಣ್ಣು ಮುಚ್ಚಿ, ಸಸಿಯ ಎತ್ತರ ನೋಡಿದಳು.

“ಇಡು,” ಎಂದಳು.

ಸಸಿ ಕುರಿಮರಿಯ ಹೊಟ್ಟೆ ಮುಟ್ಟಿತ್ತು. ಜನವರಿ ಆರಕ್ಕೆ ಗೋದಲಿ ಬಿಚ್ಚಿ, ಗದ್ದೆ ಕೊಯ್ದು, ಪಲ್ಯ ಮಾಡಿದೆವು. ಒಬ್ಬೊಬ್ಬರಿಗೆ ಒಂದೊಂದು ಚಮಚ ಬಂತು.